ನಡುಗಡಲಿನಲ್ಲಿ ಹರಾಜು, ಮನೆಗೆ ಬರೋದು ಅಚ್ಚು

ಕ್ರೂಸ್ ಹಡಗಿನ ಹರಾಜಿನಲ್ಲಿ ಚಿತ್ರ ಕೊಳ್ಳೋದರಿಂದ ಏನಾದ್ರೂ ಪ್ರಯೋಜನ ಇದೆಯಾ ಅಂತ ಕೇಳಿದ್ರೆ ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ಇಲ್ಲ. ಹೂಡಿಕೆ ಅಂತ ಕೊಂಡ್ರೂ ಇಲ್ಲ, ಕಲೆ ಅಂತ ಕೊಂಡ್ರೂ ಇಲ್ಲ, "ಹೋಗ್ಲಿ ಬಿಡಿ, ಪ್ರವಾಸದ ನೆನಪಿಗೆ ಒಂದಿರ್ಲಿ" ಅಂತ ಕೊಂಡ್ರೂ ಇಲ್ಲ. ಓದೋಕೆ ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು :-) ಉಳಿದವರಿಗೆ ಕಾರಣ ಹೇಳ್ತೀನಿ.

ಈಗ ಇದನ್ನ ಬರೆಯೋಕೆ ಕಾರಣ ನಮ್ಮ ಊರಿನ ಕನ್ನಡದವರ ಸಂಕ್ರಾಂತಿ ಊಟ. ಎಳ್ಳು-ಬೆಲ್ಲ ಹಂಚ್ತಾ ಇದ್ದ ಕಡೆ, ಇಲ್ಲಿಗೆ ಬಂದು ಎಷ್ಟೋ ವರ್ಷವಾದ ಹಿರಿಯರೊಬ್ಬರು ಹೊಸದಾಗಿ ಮದುವೆಯಾದ ಜೋಡಿಯೊಂದಕ್ಕೆ ಉಪದೇಶ ಮಾಡ್ತಾ ಇದ್ರು. ಆ ಹುಡುಗ-ಹುಡುಗಿ ಗ್ಯಾಲ್ವೆಸ್ಟನ್ನಿಂದ ಹೊರಡೋ ಹಡಗಿಗೆ ಟಿಕೆಟ್ ತಗೊಂಡಿದ್ರಂತೆ. "ಹಡಗಿನಲ್ಲಿ ಆರ್ಟ್ ಆಕ್ಷನ್ ಇರುತ್ತೆ, ಮಿಸ್ ಮಾಡ್ಬೇಡಿ. ನಾನು ಎರಡು ಡಾಲಿ ತಗೊಂಡಿದೀನಿ. ಸ್ಟಾಕ್ ಮಾರ್ಕೆಟ್ಟಿಗಿಂತ ವಾಸಿ. ಆತ ಸತ್ತು ಎಷ್ಟೋ ವರ್ಷ ಆಯ್ತು, ಇನ್ನು ಹೊಸದು ಬರೋದಿಲ್ಲವಲ್ಲ!" ಆ ಕೊನೇ ಮಾತು ಕೇಳಿ ನನ್ನ ಬಾಯಲ್ಲಿದ್ದ ಕಬ್ಬಿನ ಚೂರು ಗಂಟಲಿಗೆ ಹೋಯ್ತು. ಊಟದ ಮನೆಯಲ್ಲಿ ಹಿರಿಯರ ಜೊತೆ ವಾದ ಮಾಡೋದು ಚೆಂದ ಅಲ್ಲ, ಹಾಗಾಗಿ ಇಲ್ಲಿ ಮಾಡ್ತಾ ಇದೀನಿ.

ನೋಡದವರಿಗೆ ಅಲ್ಲಿ ನಡೆಯೋದು ಏನು ಅಂತ ಸ್ವಲ್ಪ ಹೇಳಬೇಕು. ಹಡಗು ಯಾವ ಬಂದರಿಗೂ ಹೋಗದ ದಿನ, ಸುತ್ತ ನೀರು ಬಿಟ್ಟು ನೋಡೋಕೆ ಬೇರೆ ಏನೂ ಇಲ್ಲದ ಮಧ್ಯಾಹ್ನ, ಒಂದು ಲೌಂಜಿನಲ್ಲಿ ಸ್ಟ್ಯಾಂಡುಗಳ ಮೇಲೆ ನೂರಾರು ಚಿತ್ರ ಜೋಡಿಸಿರ್ತಾರೆ. ಬಾಗಿಲಲ್ಲೇ ಹೆಸರು ಬರೆಸಿಕೊಂಡು, ಕೈಗೆ ಒಂದು ನಂಬರಿನ ಹಲಗೆ, ಇನ್ನೊಂದು ಕೈಗೆ ಪುಕ್ಕಟೆ ಶಾಂಪೇನ್ ಕೊಡ್ತಾರೆ. ದುಡ್ಡು ತರಬೇಕಾಗಿಲ್ಲ, ರೂಮಿನ ಬೀಗದ ಕಾರ್ಡಿಗೇ ನಿಮ್ಮ ಕ್ರೆಡಿಟ್ ಕಾರ್ಡು ಅಂಟಿಕೊಂಡಿರುತ್ತೆ. ಹರಾಜು ಕೂಗೋ ಹುಡುಗನ ಮಾತು ಬೆಣ್ಣೆ. ಮೊದಲು ತಮಾಷೆ, ಆಮೇಲೆ ಅರ್ಧ ಗಂಟೆ ಕಲೆಯ ಇತಿಹಾಸ, ಆಮೇಲೆ "ಗ್ಯಾಲರಿಯಲ್ಲಿ ಇದರ ಬೆಲೆ ಇಷ್ಟು, ಇವತ್ತು ನಿಮಗೆ ಮಾತ್ರ ಇಷ್ಟು". ಮಧ್ಯೆ ಮಧ್ಯೆ ಬೆನ್ನು ತಿರುಗಿಸಿಟ್ಟ ಚಿತ್ರ, ಏನಿದೆ ಅಂತ ಗೊತ್ತಿಲ್ಲದೇ ಕೈ ಎತ್ತಬೇಕು. ಜನ ಎತ್ತುತ್ತಾರೆ.

ಹರಾಜು ಅಂದ್ರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಸಾಗರದ ಕಡೆಯವನು, ಅಡಿಕೆ ಮಂಡಿ ನೋಡಿಕೊಂಡು ಬೆಳೆದವನು. ಮಂಡಿಯಲ್ಲಿ ಅಡಿಕೆ ಬೆಳೆಗಾರನದ್ದು, ಕೊಳ್ಳುವವನು ವ್ಯಾಪಾರಿ, ನಡುವೆ ಮಂಡಿಯವರು. ಮೂರೂ ಬೇರೆ ಬೇರೆ ಜನ. ಇರೋದು ಇಷ್ಟೇ ಚೀಲ, ಬೇಕು ಅನ್ನೋರು ಇಷ್ಟು ಮಂದಿ, ಅವರವರ ಪೈಪೋಟಿಯಲ್ಲಿ ಬೆಲೆ ನಿಂತುಕೊಳ್ಳುತ್ತೆ. ಮುಖ್ಯವಾಗಿ, ಕೈ ಹಾಕಿ ನೋಡಿದ ಚೀಲವೇ ನಿಮ್ಮ ಲಾರಿಗೆ ಏರುತ್ತೆ.

ಹಡಗಿನಲ್ಲಿ ಇದರಲ್ಲಿ ಒಂದೂ ಇಲ್ಲ. ಮಾಲು ಸಾಮಾನ್ಯವಾಗಿ ಹರಾಜು ಮಾಡೋ ಕಂಪನಿಯದ್ದೇ. ಬೆಲೆ ಎಷ್ಟಿರಬೇಕು ಅಂತ ಹೇಳೋನೂ ಅವನೇ, ಕೂಗೋನೂ ಅವನೇ, "ಇದು ಅಸಲಿ" ಅಂತ ಸರ್ಟಿಫಿಕೇಟು ಕೊಡೋನೂ ಅವನೇ. ಸ್ಟ್ಯಾಂಡಿನ ಮೇಲೆ ನೀವು ನೋಡಿದ ಪ್ರತಿ ಎಷ್ಟೋ ಸಲ ನಿಮಗೆ ಬರೋದಿಲ್ಲ, ಅದೇ ಚಿತ್ರದ ಇನ್ನೊಂದು ಪ್ರತಿ ದಡದ ಮೇಲಿರೋ ಗೋದಾಮಿನಿಂದ ಕೆಲವು ವಾರದ ಮೇಲೆ ಬರುತ್ತೆ. ಎಲ್ಲಕ್ಕಿಂತ ಚೋದ್ಯ ಅಂದ್ರೆ, ಮೂರು ಜನ ಕೈ ಎತ್ತಿದ್ರೆ ಪೈಪೋಟಿ ಹತ್ತಬೇಕಲ್ಲ? ಬದಲಿಗೆ ಆತ ಮುಗುಳ್ನಕ್ಕು "ಮೂವರಿಗೂ ಇದೇ ಬೆಲೆಗೆ ಕೊಡ್ತೀನಿ" ಅಂತಾನೆ! ಎಲ್ಲರೂ ಚಪ್ಪಾಳೆ. ಸ್ವಾಮಿ, ಮೂವರಿಗೂ ಕೊಡೋ ಹಾಗಿದ್ರೆ ಅದು ಹರಾಜು ಹೇಗಾಗುತ್ತೆ? ಸುತ್ತಿಗೆ ಇಟ್ಟುಕೊಂಡಿರೋ ಅಂಗಡಿ ಅದು. ಸಾಮಾನು ಮುಗಿಯೋದೇ ಇಲ್ಲ ಅನ್ನೋ ಕಡೆ "ಕೊನೇ ಅವಕಾಶ" ಅನ್ನೋ ಮಾತಿಗೆ ಅರ್ಥವೂ ಇಲ್ಲ. ಕ್ರಿಸ್ಟೀಸ್, ಸದಬೀಸ್‌ನಂಥ ಹರಾಜು ಮನೆಗಳ ಮೇಲೂ ಬೇಕಾದಷ್ಟು ದೂರು ಇವೆ, ಆದ್ರೆ ಅವರು ಮುಂಚೆಯೇ ಅಂದಾಜು ಬೆಲೆ ಅಚ್ಚು ಹಾಕ್ತಾರೆ, ಹರಾಜಾದ ಮೇಲೆ ಎಷ್ಟಕ್ಕೆ ಹೋಯ್ತು ಅಂತ ಜಗತ್ತಿಗೇ ತಿಳಿಸ್ತಾರೆ. ಹಡಗಿನಲ್ಲಿ ಎಷ್ಟಕ್ಕೆ ಹೋಯ್ತು ಅನ್ನೋದು ಪಕ್ಕದ ಕುರ್ಚಿಯವನಿಗೆ ಬಿಟ್ರೆ ಯಾರಿಗೂ ಗೊತ್ತಾಗೋದಿಲ್ಲ.

ಈಗ ಡಾಲಿಗೆ ಬರೋಣ, "ಇನ್ನು ಹೊಸದು ಬರೋದಿಲ್ಲ" ಅನ್ನೋ ಮಾತಿಗೆ. ಸಾಲ್ವಡಾರ್ ಡಾಲಿ ಸತ್ತಿದ್ದು 1989ರ ಜನವರಿಯಲ್ಲಿ. ಆದ್ರೆ ಅದಕ್ಕೂ ಎಷ್ಟೋ ವರ್ಷ ಮೊದಲೇ ಆತ ಖಾಲಿ ಹಾಳೆಗಳ ಮೇಲೆ ಸಹಿ ಹಾಕಿ ಮಾರೋಕೆ ಶುರು ಮಾಡಿದ್ದ. ಚಿತ್ರ ಇಲ್ಲ, ಬರೀ ಹಾಳೆ, ಕೆಳಗೆ ಸಹಿ! 1974ರಲ್ಲಿ ಫ್ರಾನ್ಸ್-ಅಂಡೋರಾ ಗಡಿಯಲ್ಲಿ ಒಂದು ಗಾಡಿ ತಡೆದು ನೋಡಿದಾಗ ಅಂಥ 40,000 ಹಾಳೆ ಸಿಕ್ಕವು. ಅಂಥ ಹಾಳೆಗಳ ಮೇಲೆ ಆಮೇಲೆ ಯಾರು, ಯಾವಾಗ, ಏನು ಅಚ್ಚು ಹಾಕಿದ್ರು ಅನ್ನೋದು ಪೂರ್ತಿಯಾಗಿ ಯಾರಿಗೂ ಗೊತ್ತಿಲ್ಲ. ಸಹಿಯೂ ನಕಲಿ, ಚಿತ್ರವೂ ನಕಲಿ ಆಗಿರೋ ಪ್ರಿಂಟುಗಳು ಬೇರೆ. ಹವಾಯಿಯ ಹೊನಲುಲುವಿನಲ್ಲಿ ಪ್ರವಾಸಿಗರಿಗೆ ಇಂಥ ಡಾಲಿ ಪ್ರಿಂಟುಗಳನ್ನ "ಹೂಡಿಕೆ" ಅಂತ ಮಾರುತ್ತಿದ್ದ ಸೆಂಟರ್ ಆರ್ಟ್ ಗ್ಯಾಲರಿಯವರ ಮೇಲೆ ವಂಚನೆ ಕೇಸು ನಡೆದು 1990ರಲ್ಲಿ ಅಪರಾಧ ಸಾಬೀತಾಯ್ತು. ಅಲ್ಲೂ ಗಿರಾಕಿಗಳು ರಜೆಗೆ ಬಂದವರೇ, ಅಲ್ಲೂ ಅದೇ ಮಾತು, ಬೆಲೆ ಏರುತ್ತೆ ಅಂತ.

ಸರಿ, ಅಸಲಿ ಡಾಲಿಯೇ ಸಿಕ್ಕಿತು ಅಂದುಕೊಳ್ಳಿ. ಹಡಗುಗಳಲ್ಲಿ ಹೆಚ್ಚಾಗಿ ಸುದ್ದಿಯಾದ ಒಂದು ಸರಣಿ ಇದೆ, ಡಾಂಟೆಯ ಡಿವೈನ್ ಕಾಮೆಡಿಗೆ ಡಾಲಿ ಮಾಡಿದ ಚಿತ್ರಗಳು. ಆತ ಬರೆದದ್ದು ನೂರು ಜಲವರ್ಣ ಚಿತ್ರ. ಅವನ್ನ ನೋಡಿಕೊಂಡು ಕುಶಲಕರ್ಮಿಗಳು ವರ್ಷಗಟ್ಟಲೆ ಕೂತು ಮೂರು ಸಾವಿರಕ್ಕೂ ಹೆಚ್ಚು ಅಚ್ಚು ಕೆತ್ತಿದ್ರು, ಒಂದೊಂದು ಬಣ್ಣಕ್ಕೂ ಒಂದೊಂದು. 1960ರ ದಶಕದಲ್ಲಿ ಅವು ಪುಸ್ತಕವಾಗಿ ಸಾವಿರಾರು ಸೆಟ್ಟು ಹೊರಬಂದವು. ನಿಜಕ್ಕೂ ಅದ್ಭುತವಾದ ಕೆಲಸ, ನಾನು ಅದನ್ನ ಹೀಗಳೆಯೋದಿಲ್ಲ. ಆದ್ರೆ ನೂರು ಚಿತ್ರ ಇಂಟು ಸಾವಿರಾರು ಸೆಟ್ಟು, ನೀವೇ ಗುಣಿಸಿ. ಲಕ್ಷಗಟ್ಟಲೆ ಹಾಳೆ! ಪುಸ್ತಕ ಬಿಚ್ಚಿ ಒಂದೊಂದೇ ಹಾಳೆ ಚೌಕಟ್ಟು ಹಾಕಿ ಮಾರಿದ್ರೆ, "ಹೊಸದು ಬರೋದಿಲ್ಲ" ಅನ್ನೋದು ಮಾತಿಗೆ ಮಾತ್ರ ನಿಜ. ಹಳೆಯದೇ ಖಾಲಿಯಾಗೋದಿಲ್ಲವಲ್ಲ.

ಇನ್ನೊಂದು ಇದೇ ಜಾತಿಯದ್ದು ರೆಂಬ್ರಾಂಟ್. "ನಿಮ್ಮ ಡ್ರಾಯಿಂಗ್ ರೂಮಿನಲ್ಲಿ ರೆಂಬ್ರಾಂಟ್ ಇರ್ತಾನೆ" ಅಂದ್ರೆ ಯಾರಿಗೆ ಆಸೆ ಆಗೋಲ್ಲ? ಆತ ಸತ್ತಿದ್ದು 1669ರಲ್ಲಿ. ಆತ ಕೊರೆದ ತಾಮ್ರದ ತಗಡುಗಳಲ್ಲಿ ಎಷ್ಟೋ ಉಳಿದುಕೊಂಡವು. 18ನೇ ಶತಮಾನದಿಂದ ಪ್ಯಾರಿಸ್ಸಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಅವನ್ನ ಕೊಂಡು, ಸವೆದ ಗೆರೆಗಳನ್ನ ಮತ್ತೆ ತಿದ್ದಿ ಕೊರೆಸಿ ಅಚ್ಚು ಹಾಕುತ್ತಾ ಬಂದ್ರು. ನಮ್ಮ ಕಾಲದಲ್ಲೂ ಕೆಲವು ತಗಡುಗಳಿಂದ ಅಚ್ಚು ತೆಗೆದಿದ್ದಾರೆ. ರೆಂಬ್ರಾಂಟನ ತಗಡಿನಿಂದ ಬಂದದ್ದು ಅನ್ನೋದು ಸುಳ್ಳಲ್ಲ. ಆತ ಬದುಕಿದ್ದಾಗ ತನ್ನ ಕೈಯಾರೆ ಶಾಯಿ ಹಚ್ಚಿ ತೆಗೆದ ಪ್ರತಿಗೂ ಇದಕ್ಕೂ ಆಕಾಶ-ಭೂಮಿ ಅಂತರ, ಬೆಲೆಯಲ್ಲೂ ಅಷ್ಟೇ. ಶಾಂಪೇನ್ ಕುಡೀತಾ ಕೇಳಿಸಿಕೊಂಡವನಿಗೆ ಈ ಅಂತರ ಹೊಳೆಯೋದಿಲ್ಲ, ಹೊಳೆಯಬೇಕು ಅಂತ ಯಾರಿಗೂ ಆತುರವೂ ಇಲ್ಲ.

ಹಾಗಾಗಿ "ಅವರು ನಕಲಿ ಮಾರ್ತಾರೆ" ಅಂತ ಕೂಗೋರ ಗುಂಪಿಗೆ ನಾನು ಸೇರೋದಿಲ್ಲ. ಆ ಜಗಳ ಕೋರ್ಟುಗಳಲ್ಲಿ ಆಗಿ ಹೋಗಿದೆ. ಹಡಗಿನ ಹರಾಜಿನಲ್ಲಿ ಬಹಳ ದೊಡ್ಡ ಹೆಸರು ಮಿಶಿಗನ್ ರಾಜ್ಯದ ಪಾರ್ಕ್ ವೆಸ್ಟ್ ಗ್ಯಾಲರಿ, 1969ರಲ್ಲಿ ಶುರುವಾದದ್ದು. 2008ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡವರ ಸಿಟ್ಟಿನ ಬಗ್ಗೆ ದೊಡ್ಡ ಲೇಖನ ಹಾಕಿತು, ಅದೇ ಹೊತ್ತಿಗೆ ಬೇರೆ ಬೇರೆ ರಾಜ್ಯಗಳಲ್ಲಿ ಮೊಕದ್ದಮೆ ಬಿದ್ದವು, ಫೆಡರಲ್ ಕೇಸುಗಳನ್ನ ಸಿಯಾಟಲ್ಲಿನ ಕೋರ್ಟಿನಲ್ಲಿ ಒಟ್ಟು ಹಾಕಿದ್ರು. ಸಂಸ್ಥೆ ಆರೋಪ ಒಪ್ಪಲಿಲ್ಲ. ಟೀಕೆ ಮಾಡಿದ್ದ ಫೈನ್ ಆರ್ಟ್ ರಿಜಿಸ್ಟ್ರಿ ಅನ್ನೋ ಸಂಸ್ಥೆಯ ಮೇಲೆ ಪಾರ್ಕ್ ವೆಸ್ಟ್ ಮಾನನಷ್ಟ ಕೇಸು ಹಾಕಿತ್ತು. 2010ರಲ್ಲಿ ಜ್ಯೂರಿ ಪಾರ್ಕ್ ವೆಸ್ಟ್ ವಿರುದ್ಧವೇ ತೀರ್ಪು ಕೊಟ್ಟು ಐದು ಲಕ್ಷ ಡಾಲರ್ ಪರಿಹಾರ ಕೊಡಿ ಅಂತು. ಆಮೇಲೆ ಜಡ್ಜ್ ಆ ತೀರ್ಪನ್ನ ಬದಿಗೆ ಸರಿಸಿ ಹೊಸದಾಗಿ ವಿಚಾರಣೆ ಆಗಲಿ ಅಂದ್ರು. ಅರ್ಧ ಕಥೆ ಹೇಳಿ ಅರ್ಧ ಬಿಡೋದು ನ್ಯಾಯ ಅಲ್ಲ, ಅದಕ್ಕೇ ಎರಡನ್ನೂ ಹೇಳಿದೆ. ನನ್ನ ತಕರಾರು ಅಸಲಿ-ನಕಲಿಯದ್ದಲ್ಲವೇ ಅಲ್ಲ. ಪ್ರತಿಯೊಂದೂ ನೂರಕ್ಕೆ ನೂರು ಅಸಲಿ ಅಂತಾನೇ ಇಟ್ಟುಕೊಳ್ಳಿ. ಆಗಲೂ ಬೆಲೆ ಸುಳ್ಳು.

ಹೇಗೆ ಅಂತ ನನ್ನ ಸ್ನೇಹಿತರೊಬ್ಬರ ಲೆಕ್ಕದಲ್ಲೇ ಹೇಳ್ತೀನಿ (ಅವರ ಅನುಮತಿ ಇದೆ, ಹೆಸರು ಬೇಡ ಅಂದ್ರು. ಹಡಗಿನ ಹೆಸರೂ ಹರಾಜಿನವರ ಹೆಸರೂ ಬೇಡ). 2017ರಲ್ಲಿ ಕೆರಿಬಿಯನ್ ಕಡೆ ಹೋದಾಗ ಮೂರು ಚಿತ್ರ ಕೊಂಡ್ರು. ಸುತ್ತಿಗೆ ಬಿದ್ದ ಬೆಲೆ ಒಟ್ಟು 4,200 ಡಾಲರ್. ಅದರ ಮೇಲೆ ಕೊಳ್ಳುವವನೇ ಕೊಡಬೇಕಾದ ಕಮಿಷನ್ 15 ಪರ್ಸೆಂಟ್, ಅಂದ್ರೆ 630. ಚೌಕಟ್ಟು, ಸಾಗಾಣಿಕೆ, ವಿಮೆ ಅಂತ ಇನ್ನೊಂದಿಷ್ಟು. ಒಟ್ಟು 5,500ರ ಹತ್ತಿರ ಹೋಯ್ತು. ಬೆಲೆಪತ್ರಕ್ಕೆ ಅಂತ ಬೇರೆ ದುಡ್ಡು ಕೊಟ್ಟ ಮೇಲೆ ಒಂದು ದಪ್ಪ ಕಾಗದ ಬಂತು, ಮೂರರ ಬೆಲೆ 7,900 ಡಾಲರ್ ಅಂತ. ಇಬ್ಬರೂ ಖುಷಿಯಾಗಿಬಿಟ್ರು, ಮನೆಗೆ ಬರೋ ಮುಂಚೆಯೇ 2,400 ಲಾಭ!

ಆ ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಇರೋದು ಒಂದೇ ಮಾತು: ಇದು ವಿಮೆಗಾಗಿ ಹೇಳಿದ ಬದಲಿ ಬೆಲೆ. ಅಂದ್ರೆ ಚಿತ್ರ ಸುಟ್ಟು ಹೋದ್ರೆ ಅಂಥದ್ದೇ ಇನ್ನೊಂದನ್ನ ಅಂಗಡಿಯಲ್ಲಿ ಕೊಳ್ಳೋಕೆ ಎಷ್ಟು ಬೇಕು ಅನ್ನೋದು. ಯಾವ ಅಂಗಡಿ? ಅವರದ್ದೇ. ನೀವು ಮಾರಹೊರಟರೆ ಎಷ್ಟು ಸಿಗುತ್ತೆ ಅನ್ನೋದಕ್ಕೂ ಆ ಕಾಗದಕ್ಕೂ ಸಂಬಂಧವೇ ಇಲ್ಲ. ಒಡವೆ ಅಂಗಡಿಯವನು ತಾನು ಮಾರಿದ ಸರಕ್ಕೆ ತಾನೇ ಬರೆದುಕೊಟ್ಟ ಚೀಟಿ ಹಿಡಿದು ಪಕ್ಕದ ಅಂಗಡಿಗೆ ಹೋದ್ರೆ ಏನಾಗುತ್ತೋ ಅದೇ. ಅಲ್ಲಿ ಕಡೇಪಕ್ಷ ತೂಕ ಹಾಕಿ ಚಿನ್ನದ ಬೆಲೆಯಾದ್ರೂ ಕೊಡ್ತಾರೆ!

2020ರಲ್ಲಿ ಸ್ನೇಹಿತರ ಕೆಲಸ ಹೋಯ್ತು. ಎಚ್-1ಬಿ ವೀಸಾದವರಿಗೆ ಕೆಲಸ ಹೋದ್ರೆ 60 ದಿನ, ಅಷ್ಟರಲ್ಲಿ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲ ಗಂಟುಮೂಟೆ ಕಟ್ಟಬೇಕು. ಮನೆ ಬಾಡಿಗೆ, ಮಗುವಿನ ಡೇಕೇರ್, ಊರಿನಲ್ಲಿ ತಂದೆಯ ಔಷಧಿ. "ಗೋಡೆ ಮೇಲೆ 7,900 ಇದೆಯಲ್ಲ" ಅಂತ ಅವರ ಮನೆಯವರಿಗೆ ಹೊಳೆದದ್ದು ಆಗ. ಸ್ಥಳೀಯ ಹರಾಜು ಮನೆಗಳಿಗೆ ಫೋಟೋ ಕಳಿಸಿದ್ರೆ ಇಬ್ಬರು ಬೇಡ ಅಂದ್ರು, ಒಬ್ಬರು ಉತ್ತರವನ್ನೇ ಕೊಡಲಿಲ್ಲ. ಮಾರಿದವರು ವಾಪಸ್ ತಗೊಳ್ಳೋದಿಲ್ಲ. ಇಬೇಯಲ್ಲಿ, ಕೇಳ್ತಾ ಇರೋ ಬೆಲೆ ಅಲ್ಲ, ನಿಜಕ್ಕೂ ಮಾರಾಟವಾದ ಬೆಲೆ ನೋಡಿದ್ರು. ಅದೇ ಕಲಾವಿದ, ಅದೇ ಚಿತ್ರ, ಅದೇ ಎಡಿಷನ್: ಒಂದು 240ಕ್ಕೆ, ಇನ್ನೊಂದು 310ಕ್ಕೆ, ಚೌಕಟ್ಟು ಸಮೇತ. ಮೂರನ್ನೂ ಸೇರಿಸಿ ಅವರಿಗೆ ಕೈಗೆ ಬಂದದ್ದು 700ಕ್ಕೂ ಕಡಿಮೆ. ಬೇರೆ ಕೆಲಸ ಸಿಕ್ಕಿ ಬಚಾವಾದ್ರು, ಅದು ಬೇರೆ ವಿಚಾರ.

ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಅವರ ಮಾವನವರ ಪಾತ್ರ. ಹಾಸನ ಜಿಲ್ಲೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ರಿಟೈರ್ ಆದವರು. 2018ರಲ್ಲಿ ಮಗಳ ಮನೆಗೆ ಬಂದಾಗ ಗೋಡೆಯ ಕ್ಯಾನ್ವಾಸಿನ ಮುಂದೆ ನಿಂತು, ಪೇಪರ್ ಓದೋ ಭೂತಗನ್ನಡಿ ಹಿಡಿದು, ಬಹಳ ಹೊತ್ತು ನೋಡಿದ್ರಂತೆ. ಆಮೇಲೆ ಮೆಲ್ಲಗೆ, "ಅಳಿಯಂದಿರೇ, ಬ್ರಶ್ಶಿನ ಗೆರೆ ಒಂದು ಕಡೆ ಹೋಗಿದೆ, ಬಣ್ಣ ಇನ್ನೊಂದು ಕಡೆ ಹೋಗಿದೆ. ಇದು ಹೇಗೆ?" ಅಂದ್ರಂತೆ. ಕೆಳಗೆ ಇದ್ದದ್ದು ಪ್ರಿಂಟರಿನಿಂದ ಬಂದ ಸಣ್ಣ ಸಣ್ಣ ಚುಕ್ಕಿ, ಮೇಲೆ ಬ್ರಶ್ಶಿನಿಂದ ಬಳಿದ ಪಾರದರ್ಶಕ ಜೆಲ್, ಕೈಯಿಂದ ಮಾಡಿದ ಹಾಗೆ ಕಾಣಲಿ ಅಂತ. ಇದಕ್ಕೆ ಅವರ ಭಾಷೆಯಲ್ಲಿ "ಜಿಕ್ಲೇ" ಅಂತ ಹೆಸರು. 1991ರಲ್ಲಿ ಜಾಕ್ ಡುಗಾನ್ ಅನ್ನೋ ಅಮೆರಿಕದ ಮುದ್ರಕ ಫ್ರೆಂಚಿನಿಂದ ಹೆಕ್ಕಿಕೊಂಡ ಪದ, ಚಿಮ್ಮಿಸಿದ್ದು ಅಂತ ಅರ್ಥ. ಇಂಕ್‌ಜೆಟ್ ಪ್ರಿಂಟು ಅಂದ್ರೆ ಯಾರು ತಾನೇ ಸಾವಿರ ಡಾಲರ್ ಕೊಡ್ತಾರೆ ಹೇಳಿ?

ಅಚ್ಚುಚಿತ್ರ ಅಂದ್ರೆ ಕೀಳು ಅಂತ ನಾನು ಹೇಳ್ತಾ ಇಲ್ಲ. ನಮ್ಮ ಅಜ್ಜಿಯ ದೇವರ ಕೋಣೆಯಲ್ಲಿ ಇದ್ದ ಲಕ್ಷ್ಮಿ, ಸರಸ್ವತಿ ಇಬ್ಬರೂ ಅಚ್ಚಿನವರೇ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಹಾಕಿದ್ದೇ ಅದಕ್ಕೆ, ಅರಮನೆಗೆ ಹೋಗಲಾರದವರ ಮನೆಗೂ ಚಿತ್ರ ತಲುಪಲಿ ಅಂತ. ಮೂಲ ಚಿತ್ರ ನೋಡಬೇಕು ಅಂದವರು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗ್ತಾ ಇದ್ರು, ಅಚ್ಚು ಬೇಕಾದವರು ಅಚ್ಚಿನ ಬೆಲೆಗೆ ತಗೋತಾ ಇದ್ರು. ಅಜ್ಜಿಗೆ ಯಾರೂ "ಇದು ಇನ್ನು ಹತ್ತು ವರ್ಷಕ್ಕೆ ಎರಡರಷ್ಟಾಗುತ್ತೆ" ಅಂತ ಹೇಳಲಿಲ್ಲ.

ಈಗ ಎದುರು ವಾದಗಳು. "ಇಷ್ಟವಾದ್ರೆ ತಗೊಳ್ಳಿ, ಹೂಡಿಕೆ ಅಂತ ತಗೋಬೇಡಿ" ಅನ್ನೋದು ಎಲ್ಲ ಬುದ್ಧಿವಂತರೂ ಹೇಳೋ ಮಾತು. ಕೇಳೋಕೆ ಸಮಂಜಸವಾಗಿದೆ, ಆದ್ರೆ ಇದು ಹರಾಜಿನವರಿಗೇ ಅನುಕೂಲದ ಮಾತು. ಇಷ್ಟ ಆಗೋದಕ್ಕೂ ಹತ್ತರಷ್ಟು ಬೆಲೆ ಕೊಡೋದಕ್ಕೂ ಏನು ಸಂಬಂಧ? ನನಗೆ ಮಸಾಲೆ ದೋಸೆ ಬಹಳ ಇಷ್ಟ, ಹಾಗಂತ ಪಕ್ಕದ ಹೋಟೆಲಿನಲ್ಲಿ 70 ರೂಪಾಯಿಗೆ ಸಿಗೋದಕ್ಕೆ 700 ಕೊಡ್ತೀನಾ? ಅದೇ ಚಿತ್ರ ಇಷ್ಟವಾಯ್ತು ಅಂದ್ರೆ ಹೆಸರು ಬರೆದುಕೊಂಡು ಬನ್ನಿ, ದಡಕ್ಕೆ ಬಂದ ಮೇಲೆ, ಈಗಾಗಲೇ ಕೈಸುಟ್ಟುಕೊಂಡವರಿಂದ ಇಬೇಯಲ್ಲಿ ತಗೊಳ್ಳಿ. ಅವರಿಗೂ ನಾಲ್ಕು ಕಾಸು ಸಿಗುತ್ತೆ.

"ರಜೆಯ ಖರ್ಚು, ಕ್ಯಾಸಿನೋದಲ್ಲಿ ಕಳೆದ ಹಾಗೆ" ಅನ್ನೋರು ಇನ್ನೊಂದು ಗುಂಪು. ಹಡಗಿನ ಕಂಪನಿಗಳ ವಾರ್ಷಿಕ ವರದಿಯಲ್ಲೂ ಹಾಗೇ ಇರುತ್ತೆ, ಬಾರು, ಕ್ಯಾಸಿನೋ, ಸ್ಪಾ, ಅದರ ಜೊತೆ ಆರ್ಟ್ ಹರಾಜು, ಎಲ್ಲ ಒಂದೇ ಬಾಬತ್ತಿನಲ್ಲಿ. ಆದ್ರೆ ಕ್ಯಾಸಿನೋ ಹೆಚ್ಚು ಪ್ರಾಮಾಣಿಕ. ಅಲ್ಲಿ ಕೂತವನಿಗೆ ಸೋಲಬಹುದು ಅಂತ ಗೊತ್ತಿರುತ್ತೆ. ಸೋತ ಮೇಲೆ ಯಾರೂ "ನೀವು 7,900 ಗೆದ್ದಿದೀರಿ" ಅಂತ ಸರ್ಟಿಫಿಕೇಟು ಕೊಟ್ಟು ಕಳಿಸೋದಿಲ್ಲ.

"ಮೋಸ ಆದ್ರೆ ಕಾನೂನು ಇದೆಯಲ್ಲ" ಅನ್ನೋರಿಗೆ: ಕ್ಯಾಲಿಫೋರ್ನಿಯಾ, ನ್ಯೂಯಾರ್ಕಿನಂಥ ರಾಜ್ಯಗಳಲ್ಲಿ ಅಚ್ಚುಚಿತ್ರ ಮಾರೋನು ಎಷ್ಟು ಪ್ರತಿ ಇವೆ, ಹೇಗೆ ಅಚ್ಚಾಯ್ತು, ಕಲಾವಿದ ಬದುಕಿದ್ದಾಗ ಅಚ್ಚಾದದ್ದೋ ಆಮೇಲೋ ಅಂತ ಬರೆದುಕೊಡಬೇಕು ಅನ್ನೋ ಕಾಯ್ದೆ ಇದೆ, ಒಳ್ಳೇ ಕಾಯ್ದೆ. ನಡುಗಡಲಿನಲ್ಲಿ, ಬಹಾಮಾಸ್ ಅಥವಾ ಪನಾಮಾದ ಬಾವುಟ ಹಾರಿಸೋ ಹಡಗಿನಲ್ಲಿ ನಡೆದ ವ್ಯಾಪಾರಕ್ಕೆ ಅದು ಎಷ್ಟು ಉಪಯೋಗಕ್ಕೆ ಬರುತ್ತೆ ಅಂತ ವಾದಿಸೋಕೆ ನಿಮಗೊಬ್ಬ ಲಾಯರ್ ಬೇಕು. ನನ್ನ ಸ್ನೇಹಿತರು ಸಹಿ ಹಾಕಿದ ಕಾಗದದಲ್ಲಿ ಮೂರು ಮಾತು ಸ್ಪಷ್ಟವಾಗಿತ್ತು: ಮಾರಿದ್ದು ವಾಪಸ್ ಇಲ್ಲ, ಕೂಗೋನು ಬಾಯಲ್ಲಿ ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ, ವ್ಯಾಜ್ಯ ಇದ್ರೆ ನಾವು ಹೇಳಿದ ಊರಿನಲ್ಲಿ. ಎರಡನೇ ಮಾತು ಇನ್ನೊಮ್ಮೆ ಓದಿ. ಆ ಮಧ್ಯಾಹ್ನ ಪೂರ್ತಿ ಮಾರಾಟವಾದದ್ದೇ ಬಾಯಿಮಾತು!

"ಹೋಗಲಿ, ಬದುಕಿರೋ ಕಲಾವಿದರದ್ದಾದ್ರೂ ಕೊಳ್ಳಬಹುದಲ್ಲ" ಅಂದ್ರು ಇನ್ನೊಬ್ಬರು. ಪೀಟರ್ ಮ್ಯಾಕ್ಸ್ ಹೆಸರು ಕೇಳಿರಬಹುದು, ಹಡಗಿನ ಹರಾಜುಗಳ ದೊಡ್ಡ ಸ್ಟಾರ್. 2013ರಲ್ಲಿ ಬಂದ ನಾರ್ವೀಜಿಯನ್ ಬ್ರೇಕ್‌ಅವೇ ಹಡಗಿನ ಹೊರಮೈ ಮೇಲೇ ಆತನ ಚಿತ್ರ ಇತ್ತು. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆದ ಪ್ರಕಾರ ಆತನಿಗೆ ಮರೆವಿನ ಕಾಯಿಲೆ ಬಂದು, ಬೇರೆಯವರು ಬರೆದ ಚಿತ್ರಗಳಿಗೆ ಕೂರಿಸಿ ಸಹಿ ಹಾಕಿಸಲಾಗ್ತಿತ್ತು. ಓದಿ ಸಿಟ್ಟಿಗಿಂತ ಹೆಚ್ಚಾಗಿ ಸಂಕಟ ಆಯ್ತು.

ಹಾಗಿದ್ರೂ ಹೋಗಲೇಬೇಕು, ಶಾಂಪೇನ್ ಬಿಡೋಕಾಗಲ್ಲ ಅನ್ನೋರು ಹೋಗಿ, ಕುಡೀರಿ, ತಪ್ಪಿಲ್ಲ. ಮೊದಲೆಲ್ಲ ಹಡಗಿನಲ್ಲಿ ಇಂಟರ್ನೆಟ್ ಆಮೆಗತಿ, ನಿಮಿಷಕ್ಕಿಷ್ಟು ಅಂತ ದುಡ್ಡು, ಕೂತಲ್ಲೇ ಬೆಲೆ ನೋಡೋ ಹಾಗಿರಲಿಲ್ಲ. 2022ರಿಂದ ಈಚೆಗೆ ದೊಡ್ಡ ಕಂಪನಿಗಳು ಸ್ಟಾರ್‌ಲಿಂಕ್ ಹಾಕಿಸಿಕೊಳ್ತಾ ಇವೆ. ಕುರ್ಚಿಯಲ್ಲೇ ಫೋನ್ ತೆಗೆದು, ಚಿತ್ರದ ಹೆಸರಿನ ಮುಂದೆ ಮಾರಾಟವಾದ ಬೆಲೆ ಅಂತ ಹುಡುಕಿ. ಸಿಕ್ಕಿದ ಅಂಕಿಯನ್ನ ಪಕ್ಕದವರಿಗೂ ತೋರಿಸಿ. ಕೂಗೋನು ಏನು ಮಾಡ್ತಾನೆ ಅಂತ ನೋಡೋಕೆ ನನಗೂ ಕುತೂಹಲ ಇದೆ.

ಮತ್ತೆ ಸಂಕ್ರಾಂತಿಯ ಆ ಹಿರಿಯರೂ ಈ ಬ್ಲಾಗ್ ಆಗಾಗ ನೋಡ್ತಾರೆ ಅಂತ ಕೇಳಿದೀನಿ. ಸಾರ್, ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮ ಎರಡು ಡಾಲಿಗಳನ್ನ, ನೀವು ಕೊಟ್ಟ ಬೆಲೆಗೇ ಸಾಕು, ಬಡ್ಡಿ ಬೇಡ, ಯಾರಿಗಾದ್ರೂ ಮಾರಿ ತೋರಿಸಿ. ನಿಮ್ಮ ಹೊರತು ಬೇರೆ ಯಾರಾದ್ರೂ ಹಾಗೆ ಮಾರಿದವರಿದ್ರೂ ರಸೀದಿ ಸಮೇತ ಬರೀರಿ. ಎರಡೂ ರಸೀದಿ ಇರಬೇಕು, ಕೊಂಡದ್ದು ಮತ್ತು ಮಾರಿದ್ದು. ಇದೇ ಜಾಗದಲ್ಲಿ, ಇದೇ ಅಕ್ಷರದ ಗಾತ್ರದಲ್ಲಿ ಹಾಕ್ತೀನಿ.